ಹೊಳೆಯ ನೀರು ನುಗ್ಗಿದಾಗ ಹವಳದ ಲಗೂನಿನ ಪ್ಲವಕಗಳಿಗೆ ಏನಾಗುತ್ತದೆ?

ಪ್ರಶ್ನೆ (ಮುನಿರಾಬಾದ್, ಕೊಪ್ಪಳ ಜಿಲ್ಲೆ)

ತುಂಗಭದ್ರಾ ಜಲಾಶಯಕ್ಕೆ ಮಲೆನಾಡಿನ ಕೆಂಪು ನೀರು ಬರುವಾಗ ಪಾಚಿ ಕಾಣುವುದಿಲ್ಲ. ಮಳೆ ತಗ್ಗಿ, ಮಣ್ಣು ತಳಕ್ಕಿಳಿದು, ಗಾಳಿಯೂ ನಿಂತ ಮೇಲೆ ಹಿನ್ನೀರಿನ ಅಂಚಿನಲ್ಲಿ ನೀರು ಹಸಿರಾಗುತ್ತದೆ. ಇದನ್ನು ತೋರಿಸುತ್ತಿದ್ದಾಗ ನನ್ನ ವಿದ್ಯಾರ್ಥಿನಿಯೊಬ್ಬಳು, ಹವಳದ ದಿಬ್ಬಗಳ ಒಳಗಿನ ಲಗೂನಿಗೆ ನದಿ ನೀರು ಸೇರಿದರೂ ಹೀಗೆಯೇ ಆಗುತ್ತದೆಯೇ ಎಂದು ಕೇಳಿದಳು. ಪೋಷಕಾಂಶ ಕಡಿಮೆ ಇರುವುದರಿಂದಲೇ ಅಲ್ಲಿನ ನೀರು ಅಷ್ಟು ತಿಳಿಯಾಗಿರುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ನದಿ ತರುವ ಸಾರಜನಕ, ರಂಜಕಗಳು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳಿಗೂ, ಅವನ್ನು ತಿನ್ನುವ ಹವಳಕ್ಕೂ ಅನುಕೂಲವೇ ಆಗಬೇಕಲ್ಲವೆ?

ಉತ್ತರ (ರಾಯಚೂರು)

ನಿಮ್ಮ ಹಿನ್ನೀರಿನಲ್ಲಿ ವಾರಗಳ ಅಂತರದಲ್ಲಿ ಕಾಣುವ ಕ್ರಮವನ್ನು ಸಮುದ್ರದಲ್ಲಿ ದೂರದ ಅಂತರದಲ್ಲಿಯೂ ಕಾಣಬಹುದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಮತ್ತು ಕರಾವಳಿಯ ನಡುವಿನ ಲಗೂನಿಗೆ ಬರ್ಡೆಕಿನ್ ನದಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಮಳೆಗಾಲದಲ್ಲಿ ಪ್ರವಾಹವಾಗಿ ಬಂದು ಬೀಳುತ್ತದೆ. ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲುತ್ತಾ ಹರಡುತ್ತದೆ. ನದೀಮುಖದ ಹತ್ತಿರ ಪೋಷಕಾಂಶ ಹೇರಳವಾಗಿದ್ದರೂ ಕೆಸರಿನಿಂದಾಗಿ ಬೆಳಕು ಒಳಗಿಳಿಯದು, ಆದ್ದರಿಂದ ಸಸ್ಯಪ್ಲವಕ ಹೆಚ್ಚು ಬೆಳೆಯದು. ಭಾರವಾದ ಮಣ್ಣು ತಳ ಸೇರಿದ ಆಚೆಯ ಪಟ್ಟಿಯಲ್ಲಿ ಬೆಳಕೂ ಆಹಾರವೂ ಕೂಡಿ ಬರುವುದರಿಂದ ಹಸಿರು ಅಲ್ಲಿ ಏರುತ್ತದೆ. ಇನ್ನೂ ಮುಂದೆ ಪೋಷಕಾಂಶ ತೀರಿ ನೀರು ಮತ್ತೆ ತಿಳಿಯಾಗುತ್ತದೆ.

ಆದರೆ ಹಸಿರು ಎಷ್ಟು ಹೆಚ್ಚಿತು ಎಂಬುದಕ್ಕಿಂತ ಯಾವ ಜೀವಿ ಹೆಚ್ಚಿತು ಎಂಬುದು ಮುಖ್ಯ ಎಂದು ನನಗನಿಸುತ್ತದೆ. ತಿಳಿನೀರಿನ ಲಗೂನಿನಲ್ಲಿ ಎರಡು ಮೈಕ್ರಾನಿಗಿಂತ ಚಿಕ್ಕದಾದ ಪ್ರೊಕ್ಲೊರೊಕಾಕಸ್, ಸಿನೆಕೊಕಾಕಸ್‌ನಂಥ ಜೀವಕೋಶಗಳದ್ದೇ ಪ್ರಾಬಲ್ಯ. ಅತ್ಯಲ್ಪ ಪೋಷಕಾಂಶವನ್ನೂ ಹೀರಿಕೊಳ್ಳಬಲ್ಲ ಅವುಗಳನ್ನು ಅವಕ್ಕಿಂತ ತುಸು ದೊಡ್ಡದಾದ ಏಕಕೋಶ ಜೀವಿಗಳು ತಿಂದು, ವಿಸರ್ಜಿಸಿದ ಸಾರಜನಕ ಮತ್ತೆ ಅವುಗಳಿಗೇ ದೊರೆಯುತ್ತದೆ. ಪ್ರವಾಹ ಬಂದಾಗ ಡಯಾಟಂಗಳಂಥ ದೊಡ್ಡ ಕೋಶಗಳು ಶೀಘ್ರವಾಗಿ ಮುಂದೆ ಬರುತ್ತವೆ, ಆಗ ಅವನ್ನು ತಿನ್ನುವವರೂ ಬದಲಾಗುತ್ತಾರೆ. ಹವಳವನ್ನೇ ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನಿನ ಮರಿಗಳು ಇಂಥ ದೊಡ್ಡ ಕೋಶಗಳನ್ನು ಸೋಸಿ ತಿಂದು ಬೆಳೆಯುತ್ತವೆ. ಆದ್ದರಿಂದ ಗದ್ದೆ, ಕಬ್ಬಿನ ತೋಟಗಳಿಂದ ತೊಳೆದು ಬಂದ ಗೊಬ್ಬರವು ಆ ನಕ್ಷತ್ರಮೀನುಗಳ ಹಾವಳಿಗೆ ಕಾರಣವೆಂಬ ವಾದ ಬಹುಕಾಲದಿಂದ ಇದೆ. ನದಿಗಳ ಪ್ರಭಾವ ಕಡಿಮೆ ಇರುವ ಕಡೆಯೂ ಹಾವಳಿ ಎದ್ದಿರುವುದರಿಂದ ಆ ವಾದಕ್ಕೆ ಆಕ್ಷೇಪಗಳೂ ಇವೆ.

ಹವಳಕ್ಕೆ ಅನುಕೂಲವೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸಾಮಾನ್ಯವಾಗಿ ಇಲ್ಲ. ಹವಳದ ಹುಳು ರಾತ್ರಿ ತನ್ನ ಕೈಗಳನ್ನು ಚಾಚಿ ಪ್ರಾಣಿಪ್ಲವಕಗಳನ್ನು ಹಿಡಿಯುವುದು ನಿಜ. ಆದರೆ ಅದರ ಆಹಾರದ ಬಹುಪಾಲನ್ನು ಒದಗಿಸುವುದು ಅದರೊಳಗೆ ವಾಸಿಸುವ ಪಾಚಿ. ಆ ಪಾಚಿಗೆ ಬೆಳಕು ಬೇಕು, ಪ್ರವಾಹದ ಕೆಸರೂ ಹಸಿರೂ ಆ ಬೆಳಕನ್ನೇ ತಡೆಯುತ್ತವೆ.

ಉತ್ತರ (ಬಳ್ಳಾರಿ)

ಮೇಲಿನ ಉತ್ತರದಲ್ಲಿ ಗಾಳಿಯ ವಿಷಯ ಬಂದಿಲ್ಲ. ಹವಾಯಿಯ ಕನೇಓಹೆ ಕೊಲ್ಲಿಯಲ್ಲಿ ಬಿರುಮಳೆಯ ನಂತರದ ದಿನಗಳನ್ನು ಸೂಕ್ಷ್ಮವಾಗಿ ಅಧ್ಯಯನ ಮಾಡಿದ್ದಾರೆ. ಅಲ್ಲಿ ಸಾಮಾನ್ಯ ದಿನಗಳಲ್ಲಿ ಸಾರಜನಕದ ಕೊರತೆಯೇ ಪ್ಲವಕಗಳನ್ನು ಹಿಡಿದಿಡುತ್ತದೆ. ತೊರೆಗಳ ನೀರಿನಲ್ಲಿ ರಂಜಕಕ್ಕೆ ಹೋಲಿಸಿದರೆ ಸಾರಜನಕ ಬಹಳ ಹೆಚ್ಚಾಗಿರುವುದರಿಂದ ಮಳೆಯ ಬಳಿಕ ಕೆಲವು ದಿನ ಕೊರತೆ ರಂಜಕದ್ದಾಗುತ್ತದೆ. ವಾಣಿಜ್ಯ ಮಾರುತ ಜೋರಾಗಿದ್ದರೆ ಸಿಹಿನೀರಿನ ಪದರ ಕಲಕಿ ಹೊರಗೆ ಸಾಗುತ್ತದೆ. ಮಾರುತ ನಿಂತಿದ್ದರೆ ಅದೇ ಮಳೆ ಹೆಚ್ಚು ಪ್ಲವಕವನ್ನು ಬೆಳೆಸಬಲ್ಲದು. ನದಿಯೇ ಇಲ್ಲದಿದ್ದರೂ ಚಂಡಮಾರುತವು ಆಳವಿಲ್ಲದ ಲಗೂನಿನ ತಳದ ಕೆಸರನ್ನು ಎಬ್ಬಿಸಿ, ಅದರಲ್ಲಿದ್ದ ಪೋಷಕಾಂಶವನ್ನು ನೀರಿಗೆ ಬಿಡಬಲ್ಲದು.

ಪ್ರಶ್ನೆ ಕೇಳಿದವರಿಂದ

ಹಾಗಾದರೆ ನದಿಗಳೇ ಇಲ್ಲದ ಲಕ್ಷದ್ವೀಪದಲ್ಲಿ ಹೇಗೆ? ನಮ್ಮ ತುಂಗಭದ್ರೆಯ ನೀರು ಯಾವುದಾದರೂ ಹವಳಕ್ಕೆ ತಲುಪುತ್ತದೆಯೇ?

ಉತ್ತರ (ರಾಯಚೂರು)

ತಲುಪುವುದಿಲ್ಲ. ತುಂಗಭದ್ರೆ ಕೃಷ್ಣೆಯನ್ನು ಸೇರಿ, ಕೃಷ್ಣೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಸಿಹಿನೀರು ಮತ್ತು ಹೂಳು ತುಂಬಿದ ಆ ಮುಖಜಭೂಮಿಯ ಅಂಚಿನಲ್ಲಿ ಹವಳದ ದಿಬ್ಬಗಳಿಲ್ಲ. ಲಕ್ಷದ್ವೀಪದಲ್ಲಿ ಮುಂಗಾರಿನ ಅಲೆಗಳು ದಿಬ್ಬವನ್ನು ದಾಟಿ ಲಗೂನಿಗೆ ಹೊರಗಡಲಿನ ನೀರನ್ನು ತುಂಬುತ್ತವೆ, ದ್ವೀಪದ ಅಂತರ್ಜಲವೂ ಒಳಗೆ ಒಸರುತ್ತದೆ. ದಿಬ್ಬದ ಮೇಲೆ ಹಾಯುವಾಗ ಸ್ಪಂಜು, ಹವಳ, ಮೀನುಗಳು ಆ ನೀರಿನ ಪ್ಲವಕಗಳಲ್ಲಿ ಒಂದಷ್ಟನ್ನು ಸೋಸಿ ತಿಂದಿರುತ್ತವೆ.

ಪ್ಲವಕವೇ ಹವಳವನ್ನು ಕೊಂದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2019ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮನ್ನಾರ್ ಕೊಲ್ಲಿಯಲ್ಲಿ ನಾಕ್ಟಿಲೂಕ ಎಂಬ ಪ್ಲವಕ ದಟ್ಟವಾಗಿ ಬೆಳೆದು, ನೀರಿನ ಆಮ್ಲಜನಕ ಕುಸಿದು, ಮೀನುಗಳೊಂದಿಗೆ ಹವಳಗಳೂ ಸತ್ತವು.

ನಿಮ್ಮ ವಿದ್ಯಾರ್ಥಿನಿ ಹಿನ್ನೀರಿನ ಒಂದೇ ಜಾಗದಿಂದ ಗಾಳಿ ಬೀಸುವ ದಿನ ಒಮ್ಮೆ, ಗಾಳಿ ನಿಂತ ದಿನ ಒಮ್ಮೆ ಬಾಟಲಿಯಲ್ಲಿ ನೀರು ತರಲಿ. ಮೇಲ್ಪದರದಿಂದಲೂ ಮೊಳಕಾಲುದ್ದ ಕೆಳಗಿನಿಂದಲೂ ಬೇರೆಬೇರೆಯಾಗಿ ತುಂಬಿಸಿಕೊಂಡರೆ, ಸೂಕ್ಷ್ಮದರ್ಶಕದಡಿ ಒಂದೊಂದು ಹನಿ ಇಟ್ಟು ಎರಡು ದಿನಗಳ ವ್ಯತ್ಯಾಸವನ್ನು ಅವಳೇ ಹೋಲಿಸಿ ನೋಡಬಹುದು.