ಭೂಫಲಕಗಳ ಪಾಠಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು? ಇರುವುದು ಒಂದೇ ಲ್ಯಾಪ್‌ಟಾಪ್

ಭೂಗೋಳದ_ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಗೆ ಶಿಲಾಗೋಳದ (ಭೂಮಿಯ ಗಟ್ಟಿ ಹೊರಪದರ, ಅದರ ದೊಡ್ಡ ತುಂಡುಗಳೇ ಫಲಕಗಳು) ಪಾಠ ಮುಂದಿನ ವಾರ ಶುರು ಮಾಡಬೇಕು. ಪ್ರತಿ ವರ್ಷ ಒಂದೇ ತೊಂದರೆ. ಮಕ್ಕಳು ಪಾಂಜಿಯಾ (ಹಿಂದೆ ಒಂದೇ ಆಗಿದ್ದ ಮಹಾಭೂಖಂಡ), ಪ್ಯಾಂಥಲಸ (ಅದರ ಸುತ್ತಲಿನ ಸಾಗರ) ಅಂತ ಗಟ್ಟಿಯಾಗಿ ಒಪ್ಪಿಸುತ್ತಾರೆ, ಭೂಖಂಡಗಳು ಸರಿಯುತ್ತವೆ ಅನ್ನುವುದು 1912ರಲ್ಲಿ ವೆಗೆನರ್ ಹೇಳಿದ್ದು ಅಂತ ಪರೀಕ್ಷೆಯಲ್ಲಿ ಬರೆಯುತ್ತಾರೆ, ಆದರೆ "ಹಿಮಾಲಯ ಅಲ್ಲೇ ಯಾಕೆ ಎದ್ದಿತು, ನಮ್ಮೂರಲ್ಲಿ ಯಾಕೆ ಏಳಲಿಲ್ಲ?" ಅಂತ ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ. ಹೋದ ವರ್ಷ ಒಬ್ಬಳು ಹುಡುಗಿ ಫಲಕ ಅಂದರೆ ಭೂಮಿಯ ಆಳದಲ್ಲಿ ಎಲ್ಲೋ ಹೂತಿರುವ ದೊಡ್ಡ ಹಲಗೆ ಅಂದುಕೊಂಡಿದ್ದಳು. ನಾವು ನಿಂತಿರುವ ನೆಲವೇ ಫಲಕದ ಮೇಲ್ಭಾಗ ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಪಾಠ ಮುಗಿದು ಎರಡು ತಿಂಗಳಾದ ಮೇಲೆ ನನಗೆ ಇದು ಗೊತ್ತಾಯಿತು, ತುಂಬಾ ಬೇಜಾರಾಯಿತು.

ವಿಡಿಯೊ ತೋರಿಸಿ ನೋಡಿದ್ದೇನೆ. ಚೆನ್ನಾಗಿದೆ ಅಂತ ನೋಡುತ್ತಾರೆ, ಅಷ್ಟಕ್ಕೇ ಮುಗಿಯಿತು. ಮಕ್ಕಳೇ ಫಲಕ ತಳ್ಳಿ ನೋಡುವಂಥ ಸಾಫ್ಟ್‌ವೇರ್ ಬೇಕು. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, 42 ಮಕ್ಕಳು, ನೆಟ್ ಅಂದರೆ ನನ್ನ ಫೋನಿನ ಹಾಟ್‌ಸ್ಪಾಟ್. ಎರಡು ಪೀರಿಯಡ್ ಸಿಗುತ್ತದೆ. ತರಗತಿಯಲ್ಲಿ ನಿಜವಾಗಿ ಬಳಸಿದವರು ಇದ್ದರೆ ದಯವಿಟ್ಟು ಹೇಳಿ.

ಗುಡ್ಡದ_ಮನೆ:
ಮೇಡಂ, ನಾನೂ ಮೇಷ್ಟ್ರೇ. ಎರಡು ವರ್ಷದಿಂದ ಕಾನ್ಕಾರ್ಡ್ ಕನ್ಸಾರ್ಷಿಯಂ ಅನ್ನುವ ಅಮೆರಿಕದ ಶಿಕ್ಷಣ ಸಂಸ್ಥೆಯವರ ಟೆಕ್ಟಾನಿಕ್ ಎಕ್ಸ್‌ಪ್ಲೋರರ್ ಬಳಸುತ್ತಿದ್ದೇನೆ. ಉಚಿತ, ಬ್ರೌಸರ್‌ನಲ್ಲೇ ಓಡುತ್ತದೆ. ಅದರಲ್ಲಿರುವುದು ನಮ್ಮ ಭೂಮಿಯಲ್ಲ, ಒಂದು ಖಾಲಿ ಗೋಳ. ಎಷ್ಟು ಫಲಕ ಬೇಕು ಅಂತ ನೀವೇ ಆರಿಸಬೇಕು, ಭೂಖಂಡವನ್ನು ನೀವೇ ಬರೆಯಬೇಕು, ಯಾವ ಫಲಕ ಯಾವ ಕಡೆ ಹೋಗಬೇಕು ಅಂತ ಬಾಣ ಎಳೆಯಬೇಕು, ಯಾವುದರ ಸಾಂದ್ರತೆ ಜಾಸ್ತಿ ಅಂತಲೂ ಹೇಳಬೇಕು, ಆಮೇಲೆ ಓಡಿಸಬೇಕು. ಬೇಕಾದ ಕಡೆ ಗೆರೆ ಎಳೆದರೆ ಅಲ್ಲಿ ನೆಲವನ್ನು ಸೀಳಿದ ಹಾಗೆ ಅಡ್ಡಕೊಯ್ತ ಕಾಣುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ. ಸಾಗರದ ಫಲಕ ಭೂಖಂಡದ ಕೆಳಗೆ ಜಾರಿ ಹೋಗುವುದನ್ನು ಮಕ್ಕಳು ಪಕ್ಕದಿಂದ ನೋಡುತ್ತಾರೆ.

ಆದರೆ ಒಂದು ಮಾತು. ಮೊದಲ ವರ್ಷ ನಾನು ಸುಮ್ನೆ ಓಡಿಸಿ ತೋರಿಸಿದೆ, ವಿಡಿಯೊಗೂ ಅದಕ್ಕೂ ಏನೂ ವ್ಯತ್ಯಾಸ ಆಗಲಿಲ್ಲ. ಎರಡನೇ ವರ್ಷ ಓಡಿಸುವ ಗುಂಡಿ ಒತ್ತುವ ಮೊದಲು ಎಲ್ಲರಿಗೂ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಸಿದೆ. ಈ ಎರಡು ಫಲಕ ಎದುರುಬದುರು ಬಂದರೆ ಏನಾಗುತ್ತೆ, ಬರೀರಿ ಅಂದೆ. ಬರೆದ ಮೇಲೆ ಅಳಿಸುವ ಹಾಗಿಲ್ಲ. ಆಮೇಲೆ ಓಡಿಸಿದಾಗ ಪ್ರತಿಯೊಬ್ಬರೂ ತಮ್ಮ ಚಿತ್ರ ಸರಿಯಾಯ್ತಾ ಅಂತ ಕಾಯುತ್ತಿದ್ದರು. ಲ್ಯಾಪ್‌ಟಾಪ್ ಒಂದೇ ಇದ್ದರೂ ಸಾಕಾಯಿತು, ಯಾಕೆಂದರೆ ಕೆಲಸ ನಡೆದದ್ದು 40 ನೋಟ್‌ಬುಕ್ಕಿನಲ್ಲಿ. ಬಾಣ ಎಳೆಯಲು ಮಾತ್ರ ಗುಂಪಿಗೊಬ್ಬರನ್ನು ಕರೆಯಿರಿ.

ಫೆಟ್ (PhET) ಅನ್ನುವ ವಿಜ್ಞಾನ ಪ್ರಯೋಗಗಳ ಜಾಲತಾಣದಲ್ಲೂ ಪ್ಲೇಟ್ ಟೆಕ್ಟಾನಿಕ್ಸ್ ಅಂತ ಒಂದಿದೆ, ಕೊಲರಾಡೊ ವಿಶ್ವವಿದ್ಯಾಲಯದವರದ್ದು. ನೆಲದ ತುಣುಕು ದಪ್ಪವಾದರೆ, ಬಿಸಿಯಾದರೆ ಎಷ್ಟು ಮೇಲೇಳುತ್ತದೆ ಅನ್ನುವುದು ಅದರಲ್ಲಿ ಬಹಳ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನು ಮೊದಲು ಬರೆದದ್ದು ಜಾವಾ ಅನ್ನುವ ಪ್ರೋಗ್ರಾಂ ಭಾಷೆಯಲ್ಲಿ, ಅದು ಎಲ್ಲ ಕಂಪ್ಯೂಟರ್‌ನಲ್ಲೂ ನೇರವಾಗಿ ಓಡುವುದಿಲ್ಲ, ಹಾಗಾಗಿ ಹಿಂದಿನ ದಿನವೇ ಅದೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿಕೊಳ್ಳಿ.

ಕಲ್ಲುಮಣ್ಣು:
ನಾನು ಭೂವಿಜ್ಞಾನ ಓದಿದವನು. ಮೇಲಿನ ಸರ್ ಹೇಳಿದ್ದು ಸರಿಯಾಗಿದೆ, ಅದಕ್ಕೆ ಎರಡು ವಿಷಯ ಸೇರಿಸುತ್ತೇನೆ.

ಇಂಥ ಚಿತ್ರಗಳಲ್ಲಿ ಮ್ಯಾಂಟಲ್‌ಗೆ (ಹೊರಪದರದ ಕೆಳಗಿನ ದಪ್ಪ ಪದರ) ಕೆಂಪು, ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಮಕ್ಕಳು ಅದನ್ನು ನೋಡಿ ಒಳಗೆಲ್ಲ ಲಾವಾರಸ ಕುದಿಯುತ್ತಿದೆ, ಅದರ ಮೇಲೆ ಫಲಕಗಳು ದೋಣಿ ಥರ ತೇಲುತ್ತಿವೆ ಅಂದುಕೊಳ್ಳುತ್ತಾರೆ. ದೊಡ್ಡವರಲ್ಲೂ ಈ ತಪ್ಪು ಇದೆ. ಮ್ಯಾಂಟಲ್ ಬಹುಪಾಲು ಗಟ್ಟಿ ಕಲ್ಲೇ. ಭೂಕಂಪದ ಎಸ್ ಅಲೆಗಳು ದ್ರವದಲ್ಲಿ ಸಾಗುವುದಿಲ್ಲ, ಮ್ಯಾಂಟಲ್‌ನಲ್ಲಿ ಸಾಗುತ್ತವೆ. ಆದರೂ ಅದು ಬಹಳ ನಿಧಾನವಾಗಿ ಹರಿಯುತ್ತದೆ. ರಸ್ತೆ ಪಕ್ಕ ಬಿಟ್ಟುಹೋದ ಟಾರಿನ ಡ್ರಮ್ ನೋಡಿರುತ್ತಾರಲ್ವಾ, ಚಳಿಗಾಲದ ಬೆಳಿಗ್ಗೆ ಸುತ್ತಿಗೆಯಲ್ಲಿ ಹೊಡೆದರೆ ಚೂರು ಹಾರುತ್ತದೆ, ಡ್ರಮ್ ಉರುಳಿಸಿ ತಿಂಗಳುಗಟ್ಟಲೆ ಬಿಟ್ಟರೆ ಅದೇ ಟಾರು ಹರಿದು ಹೊರಗೆ ಬಂದಿರುತ್ತದೆ. ಸಾಫ್ಟ್‌ವೇರ್ ತೆರೆಯುವ ಮೊದಲು ಈ ಮಾತು ಹೇಳಿ.

ಹಾಗಾದರೆ ಫಲಕ ಸರಿಯುವುದು ಯಾಕೆ ಅಂದರೆ, ಫಲಕಗಳನ್ನು ಮುಖ್ಯವಾಗಿ ಎಳೆಯುವುದು ಮುಳುಗುವ ತುದಿಯ ತೂಕ. ಸಾಗರದ ನೆಲ ಹಳೆಯದಾದಷ್ಟೂ ತಣ್ಣಗಾಗುತ್ತದೆ, ಭಾರವಾಗುತ್ತದೆ, ಕೊನೆಗೆ ಮುಳುಗುತ್ತದೆ. ಅದಕ್ಕೇ ದೊಡ್ಡ ಸಾಗರಗಳ ತಳದಲ್ಲಿ ಸುಮಾರು 20 ಕೋಟಿ ವರ್ಷಕ್ಕಿಂತ ಹಳೆಯ ನೆಲ ಉಳಿದಿಲ್ಲ, ಭೂಖಂಡ ಹಗುರವಾದ್ದರಿಂದ ಹಾಗೆ ಮುಳುಗುವುದಿಲ್ಲ, ನಮ್ಮ ಕರ್ನಾಟಕದಲ್ಲಿ 300 ಕೋಟಿ ವರ್ಷ ದಾಟಿದ ಕಲ್ಲು ಬಿಸಿಲಿಗೆ ಬಿದ್ದಿದೆ.

ಎರಡನೆಯದು, ಜಿಪ್ಲೇಟ್ಸ್, ಭೂಖಂಡಗಳು ಹಿಂದೆ ಎಲ್ಲಿದ್ದವು ಅಂತ ತೋರಿಸುವ ಸಾಫ್ಟ್‌ವೇರ್. ಸಿಡ್ನಿ ವಿಶ್ವವಿದ್ಯಾಲಯದ ಅರ್ಥ್‌ಬೈಟ್ ಗುಂಪು ಮತ್ತು ಬೇರೆ ಸಂಸ್ಥೆಗಳು ಸೇರಿ ಮಾಡಿದ್ದು, ಸಂಶೋಧಕರೂ ಇದನ್ನೇ ಬಳಸುತ್ತಾರೆ, ಉಚಿತ. ಒಮ್ಮೆ ಡೇಟಾ ಸಮೇತ ಇಳಿಸಿಕೊಂಡರೆ ನೆಟ್ ಬೇಡ. ಕಲಿಯಲು ನಿಮಗೆ ಒಂದು ಸಂಜೆ ಬೇಕು, ಮಕ್ಕಳ ಕೈಗೆ ಕೊಡಲು ಸ್ವಲ್ಪ ಕಷ್ಟ. ಆದರೆ ಕಾಲದ ಗುಬುಟು ಹಿಂದಕ್ಕೆ ಎಳೆದರೆ ಭಾರತ ಹಿಮಾಲಯ ಬಿಟ್ಟು ಕೆಳಗೆ ಜಾರುತ್ತಾ ಹೋಗಿ ಮಡಗಾಸ್ಕರ್‌ಗೆ ಅಂಟಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಫೋಟೊ ತೋರಿಸಿ. ಆ ಕಂಬ ಕಂಬದ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿನ ಲಾವಾದಿಂದ ಆದವು. ಎಷ್ಟೋ ಮಕ್ಕಳು ಪ್ರವಾಸಕ್ಕೆ ಹೋಗಿ ಅದರ ಮೇಲೆ ಹತ್ತಿ ಇಳಿದು ಬಂದಿರುತ್ತಾರೆ, ಯಾರೂ ಅವರಿಗೆ ಇದನ್ನು ಹೇಳಿರುವುದಿಲ್ಲ.

ಭೂಗೋಳದ_ಟೀಚರ್:
ಇಬ್ಬರಿಗೂ ತುಂಬಾ ಧನ್ಯವಾದ. ಟಾರಿನ ಉದಾಹರಣೆ ಖಂಡಿತ ಹೇಳುತ್ತೇನೆ. ಇನ್ನೊಂದು ಕೇಳಬೇಕಿತ್ತು. ನಮ್ಮದು ಬೀದರ್ ಕಡೆ. ಇಲ್ಲಿ ಮನೆಮನೆಯಲ್ಲೂ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ಮಾತು ಇದೆ, ಅಜ್ಜಿಯರು ಆ ರಾತ್ರಿ ಹೊರಗೆ ಓಡಿ ಬಂದದ್ದನ್ನು ಹೇಳುತ್ತಾರೆ. ಫಲಕದ ಅಂಚಿನಲ್ಲಿ ಭೂಕಂಪ ಆಗುತ್ತದೆ ಅಂತ ಕಲಿಸಿದ ತಕ್ಷಣ ಮಕ್ಕಳು ಅದನ್ನೇ ಕೇಳುತ್ತಾರೆ. ಅದಕ್ಕೆ ಏನು ತೋರಿಸಲಿ?

ನಕ್ಷೆಪ್ರಿಯ:
ಮೇಡಂ, ಅದೇ ಕಾನ್ಕಾರ್ಡ್‌ನವರ ಸೀಸ್ಮಿಕ್ ಎಕ್ಸ್‌ಪ್ಲೋರರ್ ತೆರೆಯಿರಿ. ಇದರಲ್ಲಿರುವುದು ನಿಜವಾಗಿ ಆದ ಭೂಕಂಪಗಳು. ಓಡಿಸಿದರೆ ವರ್ಷ ಕಳೆದ ಹಾಗೆ ಚುಕ್ಕೆಗಳು ಬೀಳುತ್ತಾ ಹೋಗುತ್ತವೆ, ಫಲಕದ ಗಡಿ ತೋರಿಸದಿದ್ದರೂ ಚುಕ್ಕೆಗಳೇ ಗಡಿ ಬರೆಯುತ್ತವೆ. ನಾನಾದರೆ ಗಡಿ ಮುಚ್ಚಿಟ್ಟು, ಗಡಿ ಎಲ್ಲಿರಬಹುದು ಅಂತ ಮಕ್ಕಳ ಕೈಯಲ್ಲೇ ಗೆರೆ ಎಳೆಸುತ್ತೇನೆ. ಚುಕ್ಕೆಯ ಬಣ್ಣ ಆಳ ಹೇಳುತ್ತದೆ. ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಗೆ ಅಡ್ಡಲಾಗಿ ಕೊಯ್ದು ನೋಡಿ. ಕಡಲ ಹತ್ತಿರ ಮೇಲ್ಮೇಲಿನವು, ಪೂರ್ವಕ್ಕೆ ಹೋದ ಹಾಗೆ ಆಳ ಆಳ, 600 ಕಿ.ಮೀ. ತನಕ. ಮುಳುಗುತ್ತಿರುವ ಫಲಕದ ಇಳಿಜಾರು ಕಣ್ಣಿಗೇ ಕಾಣುತ್ತದೆ.

ಆಮೇಲೆ ಭಾರತಕ್ಕೆ ಬನ್ನಿ. ಹಿಮಾಲಯದ ಉದ್ದಕ್ಕೂ ಚುಕ್ಕೆಗಳ ಸಾಲು, ದಖ್ಖನ್ ಹೆಚ್ಚುಕಡಿಮೆ ಖಾಲಿ, ಆ ಖಾಲಿಯ ನಡುವೆ 1993ರ ಸೆಪ್ಟೆಂಬರ್ 30ರ ಕಿಲ್ಲಾರಿ. ಅದನ್ನು ಬಚ್ಚಿಡಬೇಡಿ, ಅದರಿಂದಲೇ ಶುರು ಮಾಡಿ. ಉತ್ತರದಲ್ಲಿ ಏಷ್ಯಾಕ್ಕೆ ಒತ್ತಿಕೊಂಡಿರುವ ಫಲಕದ ಒತ್ತಡ ಒಳಗಿನ ತನಕ ಬರುತ್ತದೆ, ಒಳಗೆ ಹಳೆಯ ಬಿರುಕು ಇದ್ದ ಕಡೆ ಯಾವತ್ತೋ ಒಮ್ಮೆ ಜಾರುತ್ತದೆ. ಅಂಚಿನಲ್ಲಿ ಜಾಸ್ತಿ, ಒಳಗೆ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ನೆಟ್ ಕೈಕೊಟ್ಟರೆ ಅಂತ ಹಿಂದಿನ ರಾತ್ರಿ ಸ್ಕ್ರೀನ್ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ಭೂಗೋಳದ_ಟೀಚರ್:
ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎರಡು ಪೀರಿಯಡ್ ಸಾಲಲಿಲ್ಲ, ಗಣಿತದ ಸರ್ ಹತ್ತಿರ ಒಂದು ಕೇಳಿ ತೆಗೆದುಕೊಂಡೆ. ಸಾಗರದ ಫಲಕ ಭೂಖಂಡಕ್ಕೆ ಗುದ್ದಿದರೆ ಏನಾಗುತ್ತೆ ಅಂದಾಗ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಎರಡೂ ಒಡೆದು ಚೂರಾಗುತ್ತವೆ ಅಂತ ಬರೆದಿದ್ದರು. ಒಂದು ಕೆಳಗೆ ಹೋದದ್ದನ್ನು ನೋಡಿ "ಮಿಸ್, ಇನ್ನೊಂದ್ ಸಲ" ಅಂತ ಮೂರು ಸಲ ಓಡಿಸಿದರು. ಎರಡನೇ ದಿನ ನೆಟ್ ಹೋಯಿತು, ರೆಕಾರ್ಡಿಂಗ್ ಉಪಯೋಗಕ್ಕೆ ಬಂತು. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಸರಿಯುತ್ತದೆ ಅಂದಾಗ ಅವರೇ ಲೆಕ್ಕ ಹಾಕಿದರು, 13 ವರ್ಷಕ್ಕೆ 65 ಸೆಂ.ಮೀ. ತಾವು ಹುಟ್ಟಿದಾಗಿನಿಂದ ಶಾಲೆ ಎಷ್ಟು ಈಶಾನ್ಯಕ್ಕೆ ಸರಿದಿದೆ ಅಂತ ನೆಲದ ಮೇಲೆ ಚಾಕ್‌ಪೀಸ್‌ನಲ್ಲಿ ಗೆರೆ ಹಾಕಿದ್ದಾರೆ. ಇನ್ನೂ ಅಳಿಸಲು ಬಿಟ್ಟಿಲ್ಲ.

ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಬೇಕು. ಮಡಗಾಸ್ಕರ್ ನಮಗೆ ಅಂಟಿಕೊಂಡಿತ್ತು ಅಂದರೆ ನಮ್ಮ ಕಲ್ಲು ಅಲ್ಲೂ ಇರಬೇಕಲ್ವಾ ಅಂದ.

ಕಲ್ಲುಮಣ್ಣು:
ಇದೆ! ಎಷ್ಟು ಒಳ್ಳೆ ಪ್ರಶ್ನೆ ಕೇಳಿದ್ದಾನೆ. ಮಡಗಾಸ್ಕರ್‌ನ ಈಶಾನ್ಯ ಕರಾವಳಿಯಲ್ಲಿ ಆಂಟೊಂಗಿಲ್ ಅನ್ನುವ ಕಡೆ 300 ಕೋಟಿ ವರ್ಷಕ್ಕಿಂತ ಹಳೆಯ ನೈಸ್ (gneiss) ಅನ್ನುವ ಪಟ್ಟೆಪಟ್ಟೆಯ ಕಲ್ಲುಗಳಿವೆ. ವಯಸ್ಸಿನಲ್ಲೂ ಗುಣದಲ್ಲೂ ನಮ್ಮ ಪಶ್ಚಿಮ ಧಾರವಾಡ ಶಿಲಾಪ್ರದೇಶದ (ಧಾರವಾಡ ಊರಲ್ಲ, ಕರ್ನಾಟಕದ ಬಹಳ ಹಳೆಯ ಕಲ್ಲಿನ ನೆಲ) ಕಲ್ಲುಗಳನ್ನು ಹೋಲುತ್ತವೆ. ಜಿಪ್ಲೇಟ್ಸ್‌ನಲ್ಲಿ 9 ಕೋಟಿ ವರ್ಷ ಹಿಂದಕ್ಕೆ ಹೋಗಿ ಮೌಸ್ ಅವನ ಕೈಗೇ ಕೊಡಿ. ಆಂಟೊಂಗಿಲ್ ನಮ್ಮ ಯಾವ ಊರಿನ ಎದುರಿಗೆ ಬರುತ್ತದೆ ಅಂತ ಅವನೇ ಹುಡುಕಿ ಇಲ್ಲಿ ಬರೆಯಲಿ.