ಮನಿಯಾಗ ಹುಲಿ, ಹೊರಗ ಇಲಿ: ಕೇರಂ ಟೂರ್ನಮೆಂಟಿನಾಗ ಇಷ್ಟು ಡ್ಯೂ ಯಾಕ?

ಸಪ್ತಾಪುರ ಸಂಜಿ (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ದಿನಾ ಎರಡು ತಾಸು ಪ್ರ್ಯಾಕ್ಟೀಸ್ ಐತಿ. ನಮ್ಮ ಬೋರ್ಡ್ ಮ್ಯಾಲ ಒಂದು ಕೈಗೆ ನಾಕೈದು ಕಾಯಿನ್ ಆರಾಮ ಹೋಗ್ತಾವ. ಬ್ಯಾರೆ ಊರಿನ ಟೂರ್ನಮೆಂಟಿನಾಗ ಮಾತ್ರ ಲೆಕ್ಕ ತಪ್ತೈತಿ. ಪಾಕೆಟ್ ಬಾಯಾಗ ಕುಂತ ಕಾಯಿನ್ ಹೊಡದ್ರ ಅದರ ಬೆನ್ನಿಗೇ ಸ್ಟ್ರೈಕರೂ ಒಳಗ, ಡ್ಯೂ ಅಂತ ದಂಡಕ್ಕ ಒಂದು ಕಾಯಿನ್ ವಾಪಸ್ ಹೊರಗ. ಡಬಲ್ (ಫ್ರೇಮಿಗೆ ಬಡದು ತಿರಗಿ ಬರೋ ಹೊಡೆತ) ಹೊಡದ್ರ ಕಾಯಿನ್ ಪಾಕೆಟ್ ಬಿಟ್ಟು ನಾಕು ಬೆರಳು ಆಚೆ. ಇದನ್ನ ಸುಧಾರಸ್ಕೊಳ್ಳೂದರಾಗ ಮೊದಲನೇ ಗೇಮ್ ಮುಗದಿರ್ತೈತಿ. ಸ್ಟ್ರೈಕರ್ 15 ಗ್ರಾಂದು. ಅದನ್ನ ಬದಲಿ ಮಾಡಬೇಕೋ, ಹೊಡಿಯೋ ರೀತಿ ಬದಲಿ ಮಾಡಬೇಕೋ? ಮಳಿ ಹಿಡದ ಮ್ಯಾಲ ನಮ್ಮ ಬೋರ್ಡ್ ಇನ್ನೂ ಜಡ ಆಗೇತಿ. ಮುಂದಿನ ತಿಂಗಳ ಬೆಂಗಳೂರಿಗೆ ಹೋಗೂದೈತಿ.

ಸೆಕೆಂಡ್ ಪಾಕೆಟ್ (ಹುಬ್ಬಳ್ಳಿ)

ನಿಮ್ಮ ಗುರಿ ಬರೋಬ್ಬರಿ ಐತ್ರಿ. ಜಡ ಬೋರ್ಡ್ ನಿಮ್ಮ ತಪ್ಪನ್ನ ಇಷ್ಟು ದಿನ ಮುಚ್ಚಿಟ್ಟೈತಿ, ಅಷ್ಟಽ.

ಲೆಕ್ಕ ನೋಡ್ರಿ. ಸ್ಟ್ರೈಕರ್ 15 ಗ್ರಾಂ, ಕಾಯಿನ್ 5ರಿಂದ 5.5 ಗ್ರಾಂ. ತನಗಿಂತ ಮೂರು ಪಟ್ಟು ಹಗುರ ಇದ್ದದ್ದಕ್ಕ ನೆಟ್ಟಗ ಬಡದ್ರ ಸ್ಟ್ರೈಕರ್ ನಿಲ್ಲಂಗಿಲ್ಲ. ತನ್ನ ವೇಗದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಸ್ಕೊಂಡು ಅದಽ ದಾರಿಯಾಗ ಮುಂದ ಹೋಗ್ತೈತಿ. ಜಡ ಬೋರ್ಡಿನಾಗ ಆ ಉಳದ ವೇಗ ನಾಕು ಬೆರಳಿನಾಗ ಸತ್ತು ಹೋಗ್ತೈತಿ, ಪಾಕೆಟಿನ ಅಂಚಿಗೆ ಬಂದು ನಿಲ್ತೈತಿ, ‘ಕಂಟ್ರೋಲ್ ಚಲೋ ಐತಿ’ ಅನ್ನಿಸ್ತೈತಿ. ಟೂರ್ನಮೆಂಟ್ ಬೋರ್ಡಿನಾಗ ಅದಽ ಹೊಡೆತಕ್ಕ ಸ್ಟ್ರೈಕರ್ ಸೀದಾ ಒಳಗ. ಪಾಕೆಟ್ ಅಗಲ 4.45 ಸೆಂ.ಮೀ., ಸ್ಟ್ರೈಕರ್ 4.13 ಸೆಂ.ಮೀ. ತನಕ ಇರಬಹುದು. ನಡುವ ಉಳಿಯೂದು 3 ಮಿ.ಮೀ. ಚಿಲ್ಲರ. ಬಾಯಿಗೆ ನೆಟ್ಟಗ ಬಂತಂದ್ರ ನುಂಗೇ ನುಂಗ್ತೈತಿ.

ಹಂಗಂತ ಅಂಚಿಗೆ ಹೊಡದು ಸ್ಟ್ರೈಕರನ್ನ ಬಾಜೂಕ ಹಾರಸ್ತೀನಿ ಅಂದ್ರೂ ಭಾಳ ಆಗಂಗಿಲ್ಲ. ಇಷ್ಟು ತೂಕದ ಫರಕಿಗೆ ಸ್ಟ್ರೈಕರ್ ತನ್ನ ದಾರಿಯಿಂದ 20 ಡಿಗ್ರಿ ದಾಟಿ ತಿರಗೂದಽ ಇಲ್ಲ. ಬಾಯಾಗಿನ ಕಾಯಿನ್ನಿಗೆ ಎರಡು ಔಷಧ. ಕೂದಲೆಳಿ ಬಾಜೂಕ ಹೊಡೀರಿ, ಕಾಯಿನ್ನಿಗೆ ಪಾಕೆಟಿನಾಗ ಒಂದು ಸೆಂ.ಮೀ. ಮ್ಯಾಲ ಸಡಲ ಇರ್ತೈತಿ, ಅದು ಹೋಗ್ತೈತಿ, ಸ್ಟ್ರೈಕರ್ ಫ್ರೇಮಿನ ಮೂಲಿಗೆ ಬಡದು ವಾಪಸ್ ಬರ್ತೈತಿ. ಎರಡನೇದು, ಜೋರು ಇಳಸ್ರಿ. ಬಡದ ಕಾಯಿನ್ ಸ್ಟ್ರೈಕರಿಗಿಂತ ಜೋರು ಓಡ್ತೈತಿ, ಎರಡು ಬೆರಳು ದೂರದ್ದಕ್ಕ ತಾಕತ್ತು ಬೇಕಾಗಂಗಿಲ್ಲ.

ಜೋರು ಎಷ್ಟು ಇಳಸಬೇಕು ಅನ್ನೂದರಾಗಽ ಎಲ್ಲಾರೂ ತಪ್ತಾರ. ಬೋರ್ಡ್ ಎರಡು ಪಟ್ಟು ಓಡ್ತೈತಿ ಅಂತ ಹೊಡೆತ ಅರ್ಧ ಮಾಡ್ತಾರ. ಜಾರೂ ದೂರ ವೇಗದ ವರ್ಗಕ್ಕ ತಕ್ಕಂಗ ಹೆಚ್ಚು-ಕಡಿಮಿ ಆಗ್ತೈತಿ. ಎರಡು ಪಟ್ಟು ಓಡೋ ಬೋರ್ಡಿನಾಗ ಮನಿ ಹೊಡೆತದ ನೂರಕ್ಕ 70 ಹೊಡದ್ರ ಅದಽ ದೂರ. ಅರ್ಧಕ್ಕ ಇಳಸಿದ್ರ ಕಾಯಿನ್ ಅರ್ಧ ದಾರಿಯಾಗ ನಿಂತು ಎದುರಿನವಗ ಕೂಳಾಗ್ತೈತಿ.

ಮ್ಯಾಚ್ ಮೊದಲ ಟ್ರಯಲ್ ಹೊಡಿಯಾಕ ಬಿಡ್ತಾರಲ್ಲ, ಅದರಾಗ ಕಾಯಿನ್ ಹಾಕೂದು ಬ್ಯಾಡ್ರಿ. ಬೋರ್ಡ್ ಓದ್ರಿ. ಪೂರಾ ತಾಕತ್ತಿಲೆ ಎದುರಿನ ಫ್ರೇಮಿಗೆ ಒಂದು ಹೊಡೀರಿ. ನಿಯಮದ ಬೋರ್ಡಿನಾಗ 15 ಗ್ರಾಂ ಸ್ಟ್ರೈಕರ್ ಕಡಿಮಿ ಅಂದ್ರೂ ಮೂರೂವರಿ ಸಲ ಫ್ರೇಮಿನಿಂದ ಫ್ರೇಮಿಗೆ ಓಡಬೇಕು. ನಿಮ್ಮ ಬೋರ್ಡಿನಾಗ ಎಷ್ಟಂತ ಮನ್ಯಾಗಽ ಎಣಿಸಿ ಬರಕೊಂಡಿರ್ರಿ. ಆಮ್ಯಾಲ ಮೆಲ್ಲಕ ಒಂದು: ಎದುರಿನ ಫ್ರೇಮ್ ಮುಟ್ಟಿ ನಿಮ್ಮ ಬೇಸ್‌ಲೈನಿಗೆ ಬಂದು ನಿಲ್ಲೋ ಅಷ್ಟಽ. ಇದು ಮೂರನೇ ಸಲಕ್ಕ ಸರಿ ಬಂತಂದ್ರ ಬೆರಳಿಗೆ ಓಟ ಸಿಕ್ಕಂಗ. ಕಡೀಕ ಎಡ-ಬಲ ಫ್ರೇಮಿಗೆ ಒಂದೊಂದು ಡಬಲ್. ಗಟ್ಟಿ ಕಟ್ಟಿಗಿ ಫ್ರೇಮಿನಾಗ ಬಂದ ಕೋನಕ್ಕೂ ಹೋಗೋ ಕೋನಕ್ಕೂ ಹೆಚ್ಚು ಫರಕ ಇರಂಗಿಲ್ಲ. ಸಡಲ ಆದ, ಇಲ್ಲಾ ಮೆತ್ತನ ಕಟ್ಟಿಗಿದು ಇದ್ರ ತಾಗಿದ್ದು ಫ್ರೇಮಿನ ಕಡೆನಽ ವಾಲಿ ಹೋಗ್ತೈತಿ. ನಿಮ್ಮ ನಾಕು ಬೆರಳಿನ ಫರಕ ಇಲ್ಲೇ ಐತಿ.

ಸರಾಫ ತಕ್ಕಡಿ (ಹುಬ್ಬಳ್ಳಿ)

ಮ್ಯಾಲಿನವರು ಹೇಳಿದ್ದು ಖರೆ ಅದ. ಆದ್ರ ಸ್ಟ್ರೈಕರನ್ನೂ ಒಮ್ಮೆ ನೋಡ್ರಿ. ಡಬ್ಬಿ ಮ್ಯಾಲ 15 ಗ್ರಾಂ ಅಂತ ಬರದಿದ್ರ ಸಾಕಾಗೂದಿಲ್ಲ. ಬಂಗಾರದ ಅಂಗಡಿ ತಕ್ಕಡಿಯೊಳಗ ತೂಗಸ್ರಿ, ಗ್ರಾಂದ ನೂರನೇ ಭಾಗದ ತನಕ ತೋರಸ್ತದ. 15.2 ಬಂತಂದ್ರ ಅದು ನಿಯಮದ ಹೊರಗ, ಅಂಪೈರ್ ತೂಗಿದ್ರ ಆ ಹೊತ್ತಿನ್ಯಾಗ ಬ್ಯಾರೆದು ಹುಡುಕಬೇಕಾಗ್ತದ. 15 ಅನ್ನೂದು ಮ್ಯಾಲಿನ ಮಿತಿ, ಅಷ್ಟಽ ಇರಬೇಕಂತಿಲ್ಲ. ಪಾಕೆಟ್ ಬಾಯಿ ಡ್ಯೂ ಭಾಳ ಆಗ್ತಾವಂದ್ರ ಒಂದು ಗ್ರಾಂ ಕಡಿಮಿ ಇದ್ದದ್ದನ್ನ ಹೊಡದು ನೋಡ್ರಿ. ಬಡದ ಮ್ಯಾಲ ಉಳಿಯೋ ಓಟ ತುಸು ಕಡಿಮಿ ಆಗ್ತದ. ಬ್ರೇಕಿನ್ಯಾಗ (ಸೆಟ್ ಒಡಿಯೋ ಮೊದಲ ಹೊಡೆತ) ಮಾತ್ರ ತಾಕತ್ತು ಸೋರ್ತದ.

ಸಪಾಟ ಅದನೋ ಇಲ್ಲೋ ನೋಡಾಕ ಕನ್ನಡಿ ಮ್ಯಾಲ ಇಟ್ಟು ಅಂಚನ್ನ ಉಗುರಿನಿಂದ ಒತ್ರಿ, ಸುತ್ತಲೂ. ಎಲ್ಲೆರ ಟಿಕ್ ಅಂತು ಅಂದ್ರ ಆ ಕಡೆ ಸೊಟ್ಟ ಅದ. ಆಮ್ಯಾಲ ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನ ಅಂಚಿನ ಸುತ್ತ ಓಡಸ್ರಿ. ಉಗುರು ಸಿಗೋ ಕಡೆ ಚೂರು ಎದ್ದಿರ್ತದ. ಅಂಥಾ ಸ್ಟ್ರೈಕರ್ ನೆಟ್ಟಗಿನ ಹೊಡೆತಕ್ಕ ಏನೂ ಅನ್ನೂದಿಲ್ಲ, ತೆಳ್ಳನ ಕಟ್ಟಿನ್ಯಾಗ (ಕಾಯಿನ್ ಅಂಚಿಗೆ ತಾಗಸೋ ಹೊಡೆತ) ಕೈ ಕೊಡ್ತದ. ಮರಳು ಕಾಗದ ಹಾಕಿ ತಿಕ್ಕಬ್ಯಾಡ್ರಿ, ದುಂಡಾಗಿದ್ದದ್ದು ಮತ್ತ ದುಂಡಾಗೂದಿಲ್ಲ. ಹೊಸಾದು ತೊಗೋರಿ, ಆದ್ರ ಟೂರ್ನಮೆಂಟಿಗೆ ಹದಿನೈದು ದಿನ ಮೊದಲಽ.

ಹಸಿ ಪ್ಲೈವುಡ್ (ಹಾವೇರಿ)

ಮಳಿಗಾಲದ ಜಡಕ್ಕ ಕಾರಣ ಪೌಡರ್ ಅಲ್ಲ, ಪ್ಲೈವುಡ್. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಗಾಳಿಯೊಳಗಽ ನೀರಿರ್ತೈತಿ, ಪ್ಲೈ ಅದನ್ನ ಕುಡಿತೈತಿ, ಕಟ್ಟಿಗಿ ಕಾಯಿನ್ನೂ ಕುಡಿತಾವ. ಮೊದ್ಲು ಎಲ್ಲಾ ಕ್ಲಬ್ಬಿನಾಗ ಬೋರ್ಡ್ ಮ್ಯಾಲ 60, 100 ವ್ಯಾಟಿನ ಬಲ್ಬ್ ಜೋತು ಬಿದ್ದಿರ್ತಿತ್ತು. ಅದು ಬರೀ ಬೆಳಕಿಗಲ್ಲ, ಅದರ ಬಿಸಿ ಬೋರ್ಡನ್ನ ಒಣಗಸ್ತಿತ್ತು. ಈಗ ಎಲ್ಲಾ ಕಡೆ ಎಲ್‌ಇಡಿ ಹಾಕ್ಯಾರ, ಕರೆಂಟ್ ಬಿಲ್ ಇಳದೈತಿ, ಬೋರ್ಡ್ ಹಸಿ ಉಳದೈತಿ. ಹಳೇ ನಮೂನಿ ಬಲ್ಬ್ ಸಿಕ್ರ ಶೇಡ್ ಹಾಕಿ ಒಂದೂವರಿ-ಎರಡು ಫೂಟ್ ಮ್ಯಾಲ ಕಟ್ರಿ, ಆಡೂಕಿಂತ ಒಂದು ತಾಸು ಮೊದಲ ಹಚ್ಚಿ ಬಿಡ್ರಿ. ಕಾಯಿನ್ ಸೆಟ್ಟನ್ನೂ ಬೋರ್ಡ್ ಮ್ಯಾಲ ಹರವಿ ಇಡ್ರಿ. ಬಿಸಲಾಗ ಮಾತ್ರ ಇಡಬ್ಯಾಡ್ರಿ, ಒಂದಽ ಕಡೆ ಒಣಗಿ ಬಾಗ್ತೈತಿ.

ಗ್ವಾಡಿಗೆ ಆನಿಸಿ ನಿಲ್ಲಸೂ ಚಟ ಬಿಡ್ರಿ. ಗ್ವಾಡಿ ಥಂಡಿ ಹಿಡದು ಕೆಳಗಿನ ಎರಡು ಪಾಕೆಟಿನ ಕಡೆ ಉಬ್ತೈತಿ. ಸ್ಟ್ಯಾಂಡ್ ಮ್ಯಾಲನಽ ಬಿಟ್ಟು ದಪ್ಪನ ಬಟ್ಟಿ ಹೊಚ್ಚರಿ. ಗೌಂಡಿ ಕಡೆ ಇರೋ ರಸಮಟ್ಟ ಇಟ್ಟು ಉದ್ದ, ಅಡ್ಡ, ಎರಡೂ ಮೂಲಿ ನೋಡ್ರಿ. ತಗ್ಗಿದ್ದ ಕಾಲಿನ ಕೆಳಗ ರಟ್ಟು ಮಡಚಿ ಕೊಡ್ರಿ.

ಪೌಡರ್ ಅಂದ್ರ ಬೋರಿಕ್ ಪೌಡರ್. ಮುಖಕ್ಕ ಹಚ್ಚೋ ಪೌಡರ್ ಹಾಕಿದ್ರ ಮೊದಲ ಹತ್ತು ನಿಮಿಷ ಜಾರ್ತೈತಿ, ಆಮ್ಯಾಲ ಬೆವರು ಕೂಡಿ ಮೆತ್ತಗೊಳ್ತೈತಿ. ಮೈದಾ, ಅಕ್ಕಿ ಹಿಟ್ಟು ಬ್ಯಾಡಽ ಬ್ಯಾಡ. ಒಂದು ಚಮಚ ಉದರಿಸಿ ಅಂಗೈಲೆ ಹರವರಿ.

ಸೆಕೆಂಡ್ ಪಾಕೆಟ್ (ಹುಬ್ಬಳ್ಳಿ)

ಒಂದು ಚಮಚ ಭಾಳಾತ್ರಿ ಅಣ್ಣಾರ. ಅರ್ಧ ಚಮಚ ಸಾಕು. ಹೆಚ್ಚಾದ ಪೌಡರ್ ನಡುವ ನಿಲ್ಲಂಗಿಲ್ಲ, ಕಾಯಿನ್ ತಳ್ಳಿ ತಳ್ಳಿ ಫ್ರೇಮಿನ ಬುಡಕ್ಕ ಸಣ್ಣ ಬದು ಕಟ್ಟಿದಂಗ ಕೂಡ್ತೈತಿ. ಫ್ರೇಮಿಗೆ ಹತ್ತಿ ಓಡೋ ಕಾಯಿನ್ ಆ ಬದುವಿಗೆ ಸಿಕ್ಕು ಪಾಕೆಟಿಗೆ ಒಂದು ಬೆರಳು ಮೊದಲಽ ನಿಲ್ತೈತಿ. ಪ್ರತಿ ಬೋರ್ಡ್ (ಒಂದು ಸೆಟ್ ಕಾಯಿನ್ನಿನ ಸುತ್ತು) ಮುಗದ ಮ್ಯಾಲ ಒಣ ಮಲ್‌ಮಲ್ ಬಟ್ಟಿಲೆ ಫ್ರೇಮಿನ ಬುಡ ಒರಸ್ರಿ. ರಾತ್ರಿ ಆಟ ಮುಗದ ಮ್ಯಾಲ ಪೂರಾ ತಗದು ಬಿಡ್ರಿ, ಬೋರ್ಡ್ ಮ್ಯಾಲ ಉಳದ ಪೌಡರ್ ಥಂಡಿ ಹಿಡದು ಮರುದಿನ ಗಂಟು ಕಟ್ತೈತಿ.

ಹಸಿ ಪ್ಲೈವುಡ್ (ಹಾವೇರಿ)

ಆತು, ಅರ್ಧ ಚಮಚಕ್ಕ ಒಪ್ಪಿದೆ. ಇನ್ನೊಂದು, ಬೋರಿಕ್ ಹೊಟ್ಟಿಗೆ ಹೋಗಬಾರದು. ಆಡಿದ ಕೈಲೆ ಮಿರ್ಚಿ-ಗಿರ್ಮಿಟ್ ತಿನ್ನೋರು ಭಾಳ ಮಂದಿ ಅದಾರ. ಕೈ ತೊಳಕೊಳ್ರಿ, ಡಬ್ಬಿ ಸಣ್ಣ ಹುಡುಗರ ಕೈಗೆ ಸಿಗದಂಗ ಇಡ್ರಿ.

ಕೆಂಪು ವೃತ್ತ (ಗದಗ)

ಹೊಡೆತದ ವಿಷಯ ಮೇಲೆ ಚೆನ್ನಾಗಿಯೇ ಬಂದಿದೆ. ಮನೆ ನಿಯಮದಲ್ಲಿ ಬೆಳೆದ ಆಟಗಾರರು ಪಾಯಿಂಟ್ ಕಳೆದುಕೊಳ್ಳುವ ಕೆಲವು ಜಾಗಗಳನ್ನು ಸೇರಿಸುತ್ತೇನೆ. ಅಂತಾರಾಷ್ಟ್ರೀಯ ಕೇರಂ ಫೆಡರೇಶನ್ 1988ರಲ್ಲಿ ಚೆನ್ನೈನಲ್ಲಿ ಹುಟ್ಟಿತು. ಅದರ ನಿಯಮ ಹಿಡಿದು ನಡೆಸುವ ಟೂರ್ನಮೆಂಟಿನಲ್ಲಿ ಗದಗಿಗೊಂದು, ಚೆನ್ನೈಗೊಂದು ಲೆಕ್ಕ ಇರುವುದಿಲ್ಲ.

ಸ್ಟ್ರೈಕರ್ ಎರಡೂ ಬೇಸ್‌ಲೈನ್ ಮುಟ್ಟಿರಬೇಕು. ತುದಿಯ ಕೆಂಪು ವೃತ್ತವನ್ನು ಪೂರ್ತಿ ಮುಚ್ಚಬೇಕು, ಇಲ್ಲವೇ ಮುಟ್ಟಲೇಬಾರದು. ಅರ್ಧ ಮುಚ್ಚಿ ಹೊಡೆದರೆ ಫೌಲ್. ಕೈ ಬಾಣದ ಗೆರೆ ದಾಟಬಾರದು. ಮೂಲೆಯ ಕಾಯಿನ್ ನೋಡುವ ಭರದಲ್ಲಿ ಕುರ್ಚಿಯಿಂದ ಏಳುವುದು ನಮ್ಮ ಕಡೆ ಬಹಳ, ಅದೂ ಫೌಲ್. ಸ್ಟ್ರೈಕರನ್ನು ಹೊಡೆಯಬೇಕು, ತಳ್ಳಬಾರದು. ಒಂದು ಹೊಡೆತಕ್ಕೆ ಸಿಗುವುದು 15 ಸೆಕೆಂಡ್. ಮನೆಯಲ್ಲಿ ಕಣ್ಣು ಕಿರಿದು ಮಾಡಿ ಅರ್ಧ ನಿಮಿಷ ಗುರಿ ನೋಡುವ ಅಭ್ಯಾಸ ಇದ್ದರೆ ಮೊಬೈಲಿನ ಟೈಮರ್ ಇಟ್ಟುಕೊಂಡು ಆಡಿ.

ಪ್ರಶ್ನೆ ಕೇಳಿದವರ ಡ್ಯೂ ಬಗ್ಗೆ: ನಿಮ್ಮ ಕಾಯಿನ್ ಜೊತೆ ಸ್ಟ್ರೈಕರೂ ಬಿದ್ದರೆ ಆ ಕಾಯಿನ್ ಹೊರಗೆ, ಜೊತೆಗೆ ಡ್ಯೂ ಅಂತ ಇನ್ನೊಂದು ಹೊರಗೆ. ಆದರೆ ಸರದಿ ನಿಮ್ಮದೇ ಮುಂದುವರಿಯುತ್ತದೆ. ಬರೀ ಸ್ಟ್ರೈಕರ್ ಬಿದ್ದರೆ ಒಂದು ಡ್ಯೂ, ಸರದಿಯೂ ಹೋಗುತ್ತದೆ. ಹೊರಬಂದ ಕಾಯಿನ್ ಇಡುವವರು ಎದುರಾಳಿ, ಹೊರ ವೃತ್ತದೊಳಗೆ ತಮಗೆ ಬೇಕಾದ ಕಡೆ. ನಿಮ್ಮ ಕಾಯಿನ್ನಿಗೇ ಅಡ್ಡ ಬರುವಂತೆ ಇಡುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ.

ಕ್ವೀನ್ (ಕೆಂಪು ಕಾಯಿನ್) ಹಾಕಬೇಕಾದರೆ ಮೊದಲು ನಿಮ್ಮದೊಂದು ಕಾಯಿನ್ ಬಿದ್ದಿರಬೇಕು, ಕ್ವೀನ್ ಬಿದ್ದ ಮರುಹೊಡೆತದಲ್ಲೇ ನಿಮ್ಮ ಇನ್ನೊಂದು ಕಾಯಿನ್ ಹಾಕಿ ಕವರ್ ಮಾಡಬೇಕು. ಒಂದೇ ಹೊಡೆತಕ್ಕೆ ಕ್ವೀನ್ ಮತ್ತು ನಿಮ್ಮ ಕಾಯಿನ್ ಎರಡೂ ಬಿದ್ದರೆ ಕವರ್ ಆದಂತೆಯೇ. ಅದರ 3 ಪಾಯಿಂಟ್ ನಿಮ್ಮ ಲೆಕ್ಕ 21 ಇರುವವರೆಗೆ ಮಾತ್ರ. 22 ಆದ ಮೇಲೆ ನಿಮಗೆ ಕ್ವೀನಿನಿಂದ ಏನೂ ಸಿಗುವುದಿಲ್ಲ. ಅಲ್ಲಿಯೂ ಕ್ವೀನಿಗೆ ಬೆನ್ನು ಹತ್ತಿ ಸುಲಭದ ಕಾಯಿನ್ ಬಿಡುವವರು ಇದ್ದಾರೆ. ಗೇಮ್ 25 ಪಾಯಿಂಟ್ ಅಥವಾ 8 ಬೋರ್ಡ್, ಯಾವುದು ಮೊದಲೋ ಅದು. ಹಾಗಾಗಿ ಏಳನೇ ಬೋರ್ಡಿನಲ್ಲಿ ಐದಾರು ಪಾಯಿಂಟ್ ಮುಂದಿದ್ದರೆ ಕಾಯಿನ್ ಬಚ್ಚಿಟ್ಟು ಕಾಯುವುದೂ ಆಟವೇ.

ಬ್ರೇಕ್ ನಿಮ್ಮದಾದರೆ ಸೆಟ್ ಜೋಡಿಸುವಾಗ ಎರಡೂ ಅಂಗೈಯಿಂದ ಸುತ್ತ ಒತ್ತಿ. ಎರಡು ಕಾಯಿನ್ ನಡುವೆ ಕಾಗದ ತೂರುವಷ್ಟು ಸಂದು ಉಳಿದರೂ ತಾಕತ್ತು ಅಲ್ಲೇ ಸತ್ತು ಒಂದು ಪಕ್ಕ ಮಾತ್ರ ಒಡೆಯುತ್ತದೆ.

ಸಪ್ತಾಪುರ ಸಂಜಿ (ಧಾರವಾಡ)

ಭಾಳ ಉಪಕಾರ ಆತ್ರಿ. 22ರ ಮ್ಯಾಲ ಕ್ವೀನ್ ಲೆಕ್ಕ ಗೊತ್ತಿರಲಿಲ್ಲ. ಬೆಂಗಳೂರಿಗೆ ರಾತ್ರಿ ಗಾಡಿಗೆ ಹತ್ತಿ ಮುಂಜಾನೆ ಇಳದು ಸೀದಾ ಹಾಲಿಗೆ ಹೋದ್ರ ನಡಿತೈತೇನ್ರಿ? ಜೊತಿಗೆ ಏನೇನು ಒಯ್ಯಬೇಕು?

ಸರಾಫ ತಕ್ಕಡಿ (ಹುಬ್ಬಳ್ಳಿ)

ನಡಿತದ, ಆದ್ರ ಮೊದಲ ರೌಂಡಿನ್ಯಾಗ ಅದರ ಬೆಲೆ ಕೊಡ್ತೀರಿ. ಸುಮಾರು 490 ಕಿಲೋಮೀಟರ್ ರೈಲಿನ್ಯಾಗ ಅರ್ಧಂಬರ್ಧ ನಿದ್ದಿ, ಮುಂಜಾನೆ ಥಂಡಿಗೆ ಬೆರಳು ಸೆಟದಿರ್ತಾವ. ನಾಕೌಟ್ ಪದ್ಧತಿ ಇತ್ತಂದ್ರ ಒಂದು ಮ್ಯಾಚ್ ಸೋತ್ರ ಮಧ್ಯಾಹ್ನ 12ಕ್ಕ ವಾಪಸ್ ಗಾಡಿ ಹುಡುಕಬೇಕು. ಹಿಂದಿನ ದಿನಽ ಮುಟ್ರಿ. ಧಾರವಾಡದಿಂದ ಮಧ್ಯಾಹ್ನ ಬಿಡೋ ವಂದೇ ಭಾರತ್ ಹತ್ತಿದ್ರ ಊಟದ ಹೊತ್ತಿಗೆ ಅಲ್ಲಿರ್ತೀರಿ. ರೊಕ್ಕ ಉಳಸೂದಿತ್ತಂದ್ರ ರಾತ್ರಿ ಗಾಡಿನಽ ಹಿಡೀರಿ, ಆದ್ರ ಒಂದು ದಿನ ಮೊದಲು. ಸೋಲು-ಗೆಲುವು ಗೊತ್ತಾಗೂ ಮೊದಲ ವಾಪಸ್ ಟಿಕೀಟ್ ತಗಸಬ್ಯಾಡ್ರಿ, ಗೆದ್ದವರು ಗಾಡಿ ಸಲುವಾಗಿ ಒದ್ದಾಡೂದು ಇನ್ನೂ ಕೆಟ್ಟ.

ಒಯ್ಯೂದು: ಒಂದಽ ತೂಕದ ಸ್ಟ್ರೈಕರ್ ಎರಡು, ಎರಡನ್ನೂ ಸಮ ಆಡಿ ಪಳಗಿಸಿದ್ದು. ಬ್ಯಾಗಿನ್ಯಾಗ ಬಿಲ್ಲಿ, ಚಾವಿ ಜೊತಿ ಹಾಕಬ್ಯಾಡ್ರಿ. ಹಳೇ ಕನ್ನಡಕದ ಡಬ್ಬಿಯೊಳಗ ಬಟ್ಟಿ ಸುತ್ತಿ ಇಡ್ರಿ. ಕೈ ಒರಸಾಕ ಸಣ್ಣ ಟವೆಲ್, ಉಗುರು ಕತ್ತರಿ, ಕಾಲರ್ ಇದ್ದ ಟಿ-ಶರ್ಟ್, ಗುರುತಿನ ಚೀಟಿ, ಜಿಲ್ಲಾ ಸಂಸ್ಥೆಯಿಂದ ಹೋಗೋದಿದ್ರ ಅವರ ಪತ್ರ. ಉಗುರನ್ನ ಎರಡು ದಿನ ಮೊದಲಽ ಕತ್ತರಸ್ರಿ, ಅವತ್ತಽ ಕತ್ತರಿಸಿದ್ರ ಬೆರಳು ಬ್ಯಾರೆಯವರದ್ದು ಅನಸ್ತದ. ಕರದ ಹೊತ್ತಿಗೆ ಬೋರ್ಡ್ ಮುಂದ ಇರಲಿಲ್ಲಂದ್ರ ಎದುರಿನವಗ ವಾಕೋವರ್ ಕೊಟ್ಟುಬಿಡ್ತಾರ, ಹಂಗಾಗಿ ಚಾ ಕುಡಿಯಾಕ ಹೊರಗ ಹೋಗೂ ಮೊದಲ ಬೋರ್ಡ್ ನಂಬರೂ ಸರದಿನೂ ಕೇಳಿಕೊಂಡು ಹೋಗ್ರಿ.

ಸೆಕೆಂಡ್ ಪಾಕೆಟ್ (ಹುಬ್ಬಳ್ಳಿ)

ಅಲ್ಲೀ ತನಕ ಒಂದಽ ಕೆಲಸ ಮಾಡ್ರಿ. ಎಲ್ಲಾ ನಾಕು ಪಾಕೆಟಿನ ಬಾಯಿಗೆ ಒಂದೊಂದು ಕಾಯಿನ್ ಇಟ್ಟು, ಸ್ಟ್ರೈಕರ್ ಬೀಳದಂಗ ಹಾಕ್ರಿ. ಹಿಂಗ 20 ಸುತ್ತು. ಬೋರ್ಡ್ ಮಾತ್ರ ಬಲ್ಬ್ ಹಚ್ಚಿ ಒಣಗಿಸಿದ್ದಿರ್ಲಿ. ಹಸಿ ಬೋರ್ಡಿನಾಗ ಮಾಡಿದ್ರ ಮತ್ತ ಅದಽ ಸುಳ್ಳು ಕಂಟ್ರೋಲ್ ಕಲತಂಗಾಗ್ತೈತಿ.