ಪದ ಬೇಕು: ‘ಲಾಗ್’ ಮತ್ತು ‘ಡಿಬಗ್’ (ನಾಳೆಯೊಳಗೆ)

ನಮಸ್ಕಾರ. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮಕ್ಕಳಿಗೆ ವೆಬ್ ಸರ್ವರ್ ಪಾಠ ಹೇಳುತ್ತೇನೆ. ಲ್ಯಾಬ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಕೊಡಬೇಕು. ಲಾಗ್ (ಸರ್ವರಿನಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ಫೈಲ್), ಡಿಬಗ್ (ಪ್ರೋಗ್ರಾಮಿನ ತಪ್ಪು ಹುಡುಕಿ ಸರಿಪಡಿಸುವುದು), ಈ ಎರಡಕ್ಕೆ ಪದ ಸಿಗದೆ ಸಿಕ್ಕಿಬಿದ್ದಿರುವುದು ಇಲ್ಲಿ:

“ಸ್ಕ್ರಿಪ್ಟ್ ಎಲ್ಲಿ ನಿಂತಿತು ಅಂತ ತಿಳಿಯಲು ‘ಇಲ್ಲಿಗೆ ಬಂತು’ ಅಂತ ಸುಮ್ನೆ ಪ್ರಿಂಟ್ ಮಾಡಬೇಡಿ. ಸಿಜಿಐ ಸ್ಕ್ರಿಪ್ಟಿನಲ್ಲಿ (ಪುಟ ಕೇಳಿದಾಗ ಸರ್ವರ್ ಓಡಿಸುವ ಪ್ರೋಗ್ರಾಮಿನಲ್ಲಿ) ಆ ಸಾಲು ಹೆಡರ್‌ಗಿಂತ (ಪುಟದ ಮುಂಚೆ ಹೋಗುವ ವಿವರದ ಸಾಲುಗಳು) ಮೊದಲು ಹೊರಬಿದ್ದರೆ ಬ್ರೌಸರಿನಲ್ಲಿ ಕಾಣುವುದು ಸರ್ವರಿನಲ್ಲಿ ಏನೋ ತಪ್ಪಾಗಿದೆ ಅನ್ನುವ 500 ಎರರ್ ಅಷ್ಟೇ. ಅದೇ ಸಾಲನ್ನು ತಪ್ಪಿನ ಸಂದೇಶಗಳ ದಾರಿಯಾದ ಸ್ಟ್ಯಾಂಡರ್ಡ್ ಎರರ್‌ಗೆ ಕಳಿಸಿ. ಅಪಾಚೆ ವೆಬ್ ಸರ್ವರ್ ಅದನ್ನು ಎರರ್ ——ನಲ್ಲಿ ಬರೆದಿಡುತ್ತದೆ. ಅದನ್ನು ನೋಡಿಕೊಂಡು —— ಮಾಡಿ.”

‘ದಾಖಲೆ’ ಅಂದರೆ ಮಕ್ಕಳು ಜಾತಿ ಸರ್ಟಿಫಿಕೇಟ್ ತರುತ್ತಾರೆ. ‘ದೋಷನಿವಾರಣೆ’ ಅಂದರೆ ಜ್ಯೋತಿಷಿ ನೆನಪಾಗುತ್ತಾನೆ.

ವಿಜಯಪುರದಿಂದ:
ದಾಖಲೆ ಬೇಡ, ಸರಿ. ಕಾರಣ ಬೇರೆ, ಅದು ಅರಬ್ಬಿ ಮೂಲದ್ದು. ನಮ್ಮದೇ ‘ಕಡತ’ ಇದೆಯಲ್ಲ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿಟ್ಟು ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಲಾಗ್ ಅಂದರೆ ಏನು? ಮರದ ತುಂಡು. ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಎಸೆದು ಹಡಗಿನ ವೇಗ ಅಳೆಯುತ್ತಿದ್ದರು. ಅದನ್ನು ಬರೆದ ಪುಸ್ತಕ ಲಾಗ್‌ಬುಕ್. ನಮಗೆ ಆ ತುಂಡು ಯಾಕೆ?

ಬೆಳಗಾವಿಯಿಂದ:
ಕಡತ ಅಂದರೆ ಈಗ ಫೈಲ್. ‘ಲಾಗ್ ಫೈಲ್’ಗೆ ಕಡತದ ಕಡತ ಅಂತೀರಾ? ಬಳಪದ ಬರಹ ಒರೆಸಿದರೆ ಹೋಗುತ್ತದೆ, ಲಾಗ್ ಹಾಗಲ್ಲ. ರವಿವಾರ ಪೇಟೆಯ ನಮ್ಮ ಅಂಗಡಿಯಲ್ಲಿ ಅಜ್ಜ ಕಿರ್ದಿ ಬರೆಯುತ್ತಿದ್ದರು. ತಾರೀಖು ಹಾಕಿ, ನಡೆದದ್ದು ನಡೆದ ಹಾಗೆ, ಸಾಲಿನ ಕೆಳಗೆ ಸಾಲು. ಖಾತೆಗೆ ಎತ್ತುವುದು ಆಮೇಲೆ. ಎರರ್ ಲಾಗ್ ಅಂದರೆ ಇದೇ ಅಲ್ವಾ? ಡಿಬಗ್‌ಗೆ ‘ಹುಳುಕು ತೆಗೆ’. ‘ಬಗ್’ ಅಂದರೆ ಹುಳ. ಹುಳುಕು ಹಲ್ಲು ಅನ್ನುತ್ತೇವಲ್ಲ, ಆ ಪದದೊಳಗೂ ಹುಳವೇ. 1947ರಲ್ಲಿ ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರಿನ ರಿಲೇಯಲ್ಲಿ (ವಿದ್ಯುತ್ ಸ್ವಿಚ್ಚಿನಲ್ಲಿ) ಸಿಕ್ಕ ಪತಂಗವನ್ನು ಲಾಗ್‌ಬುಕ್ಕಿಗೇ ಅಂಟಿಸಿಟ್ಟಿದ್ದರು.

ವಿಜಯಪುರದಿಂದ:
ಕಿರ್ದಿ ಪಾರ್ಸಿ. ಅಂಗಡಿ ಲೆಕ್ಕ ಬೇರೆ, ಸರ್ವರ್ ಬೇರೆ. ‘ಬಗ್’ ಆ ಪತಂಗದಿಂದ ಹುಟ್ಟಿದ್ದೂ ಅಲ್ಲ, ಎಡಿಸನ್ 1878ರಲ್ಲೇ ಪತ್ರದಲ್ಲಿ ಬಳಸಿದ್ದಾರೆ. ನೋಡಿಕೊಂಡು ಬರೆಯಿರಿ.

ಬೆಳಗಾವಿಯಿಂದ:
ಪತಂಗದಿಂದ ಹುಟ್ಟಿತು ಅಂತ ನಾನು ಎಲ್ಲಿ ಹೇಳಿದೆ? ಗೋಳಗುಮ್ಮಟದ ಊರಲ್ಲಿ ಕೂತು ಪಾರ್ಸಿ ಬೇಡ ಅಂತೀರಲ್ಲ ರೀ! ಗುಮ್ಮಟವೂ ಪಾರ್ಸಿಯೇ. ಜಮೀನು, ಅರ್ಜಿ, ರಸೀದಿ ಬಿಟ್ಟು ತಹಸೀಲ್ದಾರರ ಹತ್ತಿರ ಒಂದು ದಿನ ಮಾತಾಡಿ ಬನ್ನಿ. ‘ಲಾಗ್’ ಬೇಡ ಅನ್ನುವವರು ‘ಸರ್ವರ್’ ಅಂತ ಬರೆದಿದ್ದೀರಿ, ಅದನ್ನೂ ನೋಡಿಕೊಳ್ಳಿ.

ಬಾಗಲಕೋಟೆಯಿಂದ:
ಪ್ರಿಂಟಿಗೆ ಕೊಟ್ಟು ಬಂದೆ. ಸರ್ವರಿನಲ್ಲಿ ಫೈಲಿನ ಹೆಸರಲ್ಲೇ ‘ಲಾಗ್’ ಇದೆ, ಮಕ್ಕಳು ಹುಡುಕುವುದೂ ಅದನ್ನೇ. ಹಾಗಾಗಿ ಅದನ್ನು ಹಾಗೇ ಬಿಟ್ಟೆ. ಮೊದಲ ಸಲ ಬರುವಲ್ಲಿ ಮಾತ್ರ ‘ಅಂದರೆ ಸರ್ವರಿನ ಕಿರ್ದಿ’ ಅಂತ ಸೇರಿಸಿದೆ. ಎರಡನೆಯದಕ್ಕೆ ‘ಹುಳುಕು ತೆಗೆಯಿರಿ’. ಅಕ್ಷರ ಜೋಡಿಸುವ ಹುಡುಗ ಅದನ್ನು ಓದಿ, “ಹಲ್ಲಿನ ಡಾಕ್ಟರ್ ಪುಸ್ತಕ ಏನ್ರೀ ಸರ?” ಅಂದ.